ಕೇಳಿಸಿತ್ತು, ನಂಬಲಿಲ್ಲ

ಶಿವಮೊಗ್ಗದ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ: "ಅಮೆರಿಕದಲ್ಲಿ ಕಪ್ಪು ಬಾಣಂತಿಯರು ಜಾಸ್ತಿ ಸಾಯುತ್ತಾರೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಬಡತನ, ಓದು ಇಲ್ಲದಿರುವುದು, ತಡವಾಗಿ ಆಸ್ಪತ್ರೆಗೆ ಹೋಗುವುದು ಇದಕ್ಕೆ ಕಾರಣ ಇರಬೇಕು. ಇದರಲ್ಲಿ ಬಣ್ಣದ ಮಾತು ಏಕೆ? ನನ್ನ ಮಗಳು ಅಲ್ಲಿ ಹೆರಿಗೆ ವಾರ್ಡಿನ ನರ್ಸ್. ಅವಳು ಯಾರಿಗೂ ಭೇದ ಮಾಡುವವಳಲ್ಲ."

ಮೇಡಂ, ನಿಮ್ಮ ಮಗಳ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ನಂಬುತ್ತೇನೆ. ಬಡತನದ ಮಾತೂ ಸುಳ್ಳಲ್ಲ. ವಿಮೆ ಇಲ್ಲದವರ ಪಾಡು ಅಲ್ಲಿ ನಿಜಕ್ಕೂ ಕಷ್ಟ. ನಾವು ಕಳೆದ ಸಲ ಅಂಕಿ ಕೊಟ್ಟು ಕಾರಣ ಹೇಳದೆ ಬಿಟ್ಟೆವು. ಅದು ನಮ್ಮ ತಪ್ಪು. ಆದರೆ ದುಡ್ಡು ಇಲ್ಲದಿರುವುದೇ ಕಾರಣವಾಗಿದ್ದರೆ ಅಮೆರಿಕದ ಕಪ್ಪು ಟೆನಿಸ್ ತಾರೆ ಸೆರೀನಾ ವಿಲಿಯಮ್ಸ್ ಅವರಿಗೆ ಹಾಗೆ ಆಗಬಾರದಿತ್ತು, ಅಲ್ವಾ?

2017ರ ಸೆಪ್ಟೆಂಬರ್‌ನಲ್ಲಿ ಅವರಿಗೆ ಸಿಸೇರಿಯನ್ ಆಯಿತು. ಮರುದಿನ ಉಸಿರು ಕಟ್ಟತೊಡಗಿತು. 2011ರಲ್ಲೇ ಅವರ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹಾಗಾಗಿ ಇದೇನು ಎಂದು ಅವರಿಗೆ ತಕ್ಷಣ ಅನ್ನಿಸಿತು. ಸಿ.ಟಿ. ಸ್ಕ್ಯಾನ್ ಮಾಡಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡಿ ಎಂದು ನರ್ಸ್ ಹತ್ತಿರ ಕೇಳಿದರು. ಔಷಧಿಯ ಮಂಪರಿನಲ್ಲಿ ಏನೋ ಹೇಳುತ್ತಿದ್ದಾರೆ ಎಂದುಕೊಂಡರು ನರ್ಸ್. ಡಾಕ್ಟರ್ ಬಂದು, ಹೆಪ್ಪು ಕಾಲಿನಲ್ಲಿದೆಯೇ ಎಂದು ಕಾಲಿನ ಅಲ್ಟ್ರಾಸೌಂಡ್ ಮಾಡಿದರು. ಅದರಲ್ಲಿ ಏನೂ ಕಾಣಲಿಲ್ಲ. ಸೆರೀನಾ ಪಟ್ಟು ಬಿಡಲಿಲ್ಲ. ಕೊನೆಗೆ ಸಿ.ಟಿ. ಮಾಡಿದಾಗ ಶ್ವಾಸಕೋಶದಲ್ಲಿ ಹೆಪ್ಪುಗಳು ಸಿಕ್ಕವು. ಇಡೀ ಜಗತ್ತು ಬಲ್ಲ ಆಟಗಾರ್ತಿ ತನ್ನ ಮೈಯಲ್ಲಿ ಏನಾಗುತ್ತಿದೆ ಎಂದು ಬಿಡಿಸಿ ಹೇಳಿದರೂ ಮೊದಲ ಸಲಕ್ಕೆ ನಂಬಿಕೆ ಹುಟ್ಟಲಿಲ್ಲ.

ಸೆರೀನಾ ಉಳಿದರು. ಶಾಲನ್ ಅರ್ವಿಂಗ್ ಉಳಿಯಲಿಲ್ಲ. ಡಾಕ್ಟರೇಟ್ ಪಡೆದಿದ್ದ ಈ ಕಪ್ಪು ಮಹಿಳೆ ಅಟ್ಲಾಂಟಾದಲ್ಲಿ, ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯಲ್ಲಿ ಕೆಲಸ ಮಾಡುತ್ತಿದ್ದರು. ಜನರ ನಡುವಿನ ಅಸಮಾನತೆ ಆರೋಗ್ಯವನ್ನು ಹೇಗೆ ಕೆಡಿಸುತ್ತದೆ ಎಂಬುದೇ ಅವರ ಅಧ್ಯಯನ. ಹೆರಿಗೆಯ ನಂತರ ಬಿಪಿ ಏರಿತು, ಮೈ ಊದಿತು. ಏನೋ ಸರಿಯಿಲ್ಲ ಎಂದು ಮತ್ತೆ ಮತ್ತೆ ತೋರಿಸಿಕೊಳ್ಳಲು ಹೋದರು. ಪ್ರತಿ ಸಲವೂ ಮನೆಗೆ ಕಳಿಸಿದರು. ಹೆರಿಗೆಯಾಗಿ ಮೂರು ವಾರಕ್ಕೆ, 2017ರ ಜನವರಿಯಲ್ಲಿ, 36ನೇ ವಯಸ್ಸಿಗೆ ಹೋಗಿಬಿಟ್ಟರು. ಇವರು ಬಡವರೂ ಅಲ್ಲ, ಓದದವರೂ ಅಲ್ಲ, ತಡ ಮಾಡಿದವರೂ ಅಲ್ಲ.

ಓದಿನ ಬಗ್ಗೆ ಸಿಡಿಸಿಯೇ 2019ರಲ್ಲಿ ಹೇಳಿದ ಮಾತು ಇದು: ಪದವಿ ಪಡೆದ ಕಪ್ಪು ಮಹಿಳೆಯರಲ್ಲಿ ಬಸಿರು, ಹೆರಿಗೆಗೆ ಸಂಬಂಧಿಸಿದ ಸಾವಿನ ಪ್ರಮಾಣ ಪದವಿ ಪಡೆದ ಬಿಳಿಯ ಮಹಿಳೆಯರದಕ್ಕಿಂತ ಐದು ಪಟ್ಟು. ಹೈಸ್ಕೂಲು ಮುಗಿಸದ ಬಿಳಿಯ ಮಹಿಳೆಯರಿಗಿಂತಲೂ ಇವರದೇ ಹೆಚ್ಚು. 2023ರಲ್ಲಿ ಪ್ರತಿ ಒಂದು ಲಕ್ಷ ಹೆರಿಗೆಗೆ ಸತ್ತ ಬಿಳಿಯ ತಾಯಂದಿರು 14.5, ಕಪ್ಪು ತಾಯಂದಿರು 50.3.

ಹಾಗಾದರೆ ಡಾಕ್ಟರು, ನರ್ಸುಗಳೆಲ್ಲ ಕೆಟ್ಟವರೇ? ಅಲ್ಲ. ಒಳ್ಳೆಯವರ ತಲೆಯಲ್ಲೂ ಹಳೆಯದೊಂದು ಸುಳ್ಳು ಕೂತಿದೆ: ಕಪ್ಪು ಮೈಗೆ ನೋವು ಕಮ್ಮಿ ಎಂಬ ಸುಳ್ಳು. ಸ್ತ್ರೀರೋಗ ಚಿಕಿತ್ಸೆಯ ಪಿತಾಮಹ ಎಂದು ಹೊಗಳಿಸಿಕೊಂಡ ಜೆ. ಮೇರಿಯನ್ ಸಿಮ್ಸ್ 1845ರಿಂದ 1849ರವರೆಗೆ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಗುಲಾಮ ಹೆಣ್ಣುಮಕ್ಕಳ ಮೇಲೆ ಶಸ್ತ್ರಚಿಕಿತ್ಸೆ ಕಲಿತ. ಹೆರಿಗೆಯಲ್ಲಿ ಆದ ಗಾಯದಿಂದ ಸದಾ ಮೂತ್ರ ಸೋರುವ ತೊಂದರೆ ಅವರದು. ಅರಿವಳಿಕೆ ಕೊಡಲಿಲ್ಲ. ಬೇಡ ಎನ್ನುವ ಹಕ್ಕು ಅವರಿಗೆ ಇರಲಿಲ್ಲ. ಅನಾರ್ಕಾ ಎಂಬ ಹುಡುಗಿಯೊಬ್ಬಳಿಗೇ 30 ಸಲ ಕತ್ತಿ ಹಾಕಿದ. ಅವಳ ಜೊತೆ ಲೂಸಿ, ಬೆಟ್ಸಿ ಇದ್ದರು. ಉಳಿದವರ ಹೆಸರನ್ನೂ ಅವನು ಬರೆದಿಡಲಿಲ್ಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಅವನ ಪ್ರತಿಮೆಯನ್ನು ತೆಗೆದದ್ದು 2018ರಲ್ಲಿ.

ಇದು ಹಳೇ ಕಥೆ ಎಂದು ಬಿಡಲು ಆಗುವುದಿಲ್ಲ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 222 ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ಡಾಕ್ಟರನ್ನೂ ಪ್ರಶ್ನಿಸಿದರು. ಕಪ್ಪು ಜನರ ಚರ್ಮ ದಪ್ಪ ಎಂಬಂಥ ತಪ್ಪು ಮಾತುಗಳಲ್ಲಿ ಒಂದನ್ನಾದರೂ ಸುಮಾರು ಅರ್ಧದಷ್ಟು ಜನ ಒಪ್ಪಿದರು. ಒಪ್ಪಿದವರು ಕಪ್ಪು ರೋಗಿಯ ನೋವನ್ನು ಕಮ್ಮಿ ಎಂದು ಅಂದಾಜು ಮಾಡಿದರು. ಇವರಲ್ಲಿ ಯಾರೂ ರಾಕ್ಷಸರಲ್ಲ. ನಿಮ್ಮ ಮಗಳಂತೆಯೇ ರಾತ್ರಿ ಪಾಳಿ ಮಾಡುವ ಮಕ್ಕಳು. ಅದಕ್ಕೇ ನನಗೆ ಹೆಚ್ಚು ದಿಗಿಲು.

ಯಂತ್ರಕ್ಕೂ ಈ ದೋಷ ತಗುಲಿದೆ. 2021ರಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ನೆನಪಿದೆಯಲ್ಲ, ರಕ್ತದಲ್ಲಿ ಆಮ್ಲಜನಕ ಇಳಿದಿದ್ದರೂ ಸರಿಯಿದೆ ಎಂದು ತೋರಿಸುವ ತಪ್ಪನ್ನು ಅದು ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಮಾಡುತ್ತದೆ ಎಂದು ಮಿಶಿಗನ್‌ನ ಸಂಶೋಧಕರು 2020ರ ಡಿಸೆಂಬರಿನಲ್ಲೇ ಬರೆದಿದ್ದರು.

ದಾರಿ ಇಲ್ಲವೆಂದಲ್ಲ. ಹೆರಿಗೆಯಲ್ಲಿ ಹೋಗುವ ರಕ್ತ ಕಣ್ಣಳತೆಗೆ ಕಮ್ಮಿಯೇ ಕಾಣುತ್ತದೆ. ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳು ಒಟ್ಟಾಗಿ, ರಕ್ತ ಹೀರಿದ ಬಟ್ಟೆಯನ್ನು ತೂಗಿ ನೋಡಿ ಎಂಬಂಥ ನಿಯಮ ತಂದವು. 2006ರಿಂದ 2013ರ ಹೊತ್ತಿಗೆ ಆ ರಾಜ್ಯದಲ್ಲಿ ತಾಯಂದಿರ ಸಾವು ಅರ್ಧಕ್ಕಿಂತ ಕೆಳಗೆ ಇಳಿಯಿತು. ಆದರೂ ಕಪ್ಪು, ಬಿಳಿಯ ತಾಯಂದಿರ ನಡುವಿನ ಅಂತರ ಮುಚ್ಚಲಿಲ್ಲ. ರಕ್ತವನ್ನು ತೂಗಬಹುದು. ತಲೆ ಸಿಡಿಯುತ್ತಿದೆ, ಉಸಿರು ಸಾಲುತ್ತಿಲ್ಲ ಎನ್ನುವುದನ್ನು ಬಾಣಂತಿಯ ಬಾಯಿಂದಲೇ ಕೇಳಬೇಕು. ಅಲ್ಲಿ 2020ರಿಂದ ಹೆರಿಗೆ ವಾರ್ಡಿನವರಿಗೆ ಮನಸ್ಸಿನ ಪೂರ್ವಗ್ರಹ ಗುರುತಿಸುವ ತರಬೇತಿ ಕಡ್ಡಾಯ ಮಾಡಿರುವುದು ಇದೇ ಕಾರಣಕ್ಕೆ.

ಮೇಡಂ, ಒಂದು ಕೋರಿಕೆ. ಮಗಳಿಗೆ ಬಿಡುವಾದಾಗ ನಮಗೆ ಬರೆಯಲು ಹೇಳಿ. ಬಾಣಂತಿ "ಏನೋ ಸರಿಯಿಲ್ಲ" ಎಂದಾಗ ಅವರ ವಾರ್ಡಿನಲ್ಲಿ ಮೊದಲು ಯಾರು ಬರುತ್ತಾರೆ, ಬಿಪಿ ಎಷ್ಟಿದ್ದರೆ ಮನೆಗೆ ಕಳಿಸುವುದಿಲ್ಲ, ಡಾಕ್ಟರ್ ಒಪ್ಪದಿದ್ದರೆ ನರ್ಸ್ ಯಾರ ಹತ್ತಿರ ಹೋಗಬಹುದು? ಕನ್ನಡದ ಎಷ್ಟೋ ಮಕ್ಕಳು ಅಲ್ಲಿ ಡಾಕ್ಟರು, ನರ್ಸುಗಳಾಗಿದ್ದಾರೆ. ಅವರ ಮನೆಯವರು ಈ ಪತ್ರಿಕೆ ಓದುತ್ತಾರೆ. ಮಗಳ ಪತ್ರ ಎಷ್ಟೇ ಉದ್ದ ಇದ್ದರೂ ಪೂರ್ತಿ ಪ್ರಕಟಿಸುತ್ತೇವೆ.