24 ಅಂದ ಕಾರು 14 ಕೊಡುತ್ತಿದೆ, ಯಾಕೆ?

ಪ್ರಶ್ನೆ: ಏಳು ತಿಂಗಳ ಹಿಂದೆ 1 ಲೀಟರ್ ಇಂಜಿನ್‌ನ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್ ತೆಗೆದುಕೊಂಡೆ. ಲೀಟರಿಗೆ 24 ಕಿ.ಮೀ. ಎಂದು ಹೇಳಿದ್ದರು. ನನಗೆ 14 ದಾಟುತ್ತಿಲ್ಲ. ದಿನಾ ಕದ್ರಿಯಿಂದ ಹಂಪನಕಟ್ಟೆಗೆ ಕೆಲಸಕ್ಕೆ ಹೋಗಿ ಬರುತ್ತೇನೆ, ಒಟ್ಟು 8 ಕಿ.ಮೀ. ತಿಂಗಳಿಗೆ ಒಂದೆರಡು ಸಲ ಉಡುಪಿಗೆ, ತವರಿಗೆ. ಸರ್ವಿಸ್‌ಗೆ ಬಿಟ್ಟಾಗ ಕೇಳಿದರೆ 'ಎಲ್ಲ ಸರಿ ಇದೆ ಮೇಡಂ, ನೀವು ಓಡಿಸುವ ರೀತಿ ಹಾಗೆ' ಅಂದರು. ತಪ್ಪು ಕಾರಿನದ್ದಾ, ನನ್ನದಾ?
– ಕದ್ರಿಯ ಓದುಗರು

ಉತ್ತರ: ತಪ್ಪು ನಿಮ್ಮದಲ್ಲ. ಕಾರಿನದ್ದೂ ಇರಲಿಕ್ಕಿಲ್ಲ, ಆದರೆ ಒಂದು ಕಡೆ ಪರೀಕ್ಷೆ ಮಾಡಿಸಬೇಕು, ಅದನ್ನು ಆಮೇಲೆ ಹೇಳುತ್ತೇನೆ. 'ನೀವು ಓಡಿಸುವ ರೀತಿ' ಎಂದು ಒಂದೇ ಮಾತಿನಲ್ಲಿ ಕೈತೊಳೆದುಕೊಳ್ಳುವುದು ನನಗೆ ಬೇಸರ ತರುತ್ತದೆ. ದುಡ್ಡು ಕೊಟ್ಟು ಕಾರು ಕೊಂಡವರಿಗೆ ಪೆಟ್ರೋಲ್ ಎಲ್ಲಿ ಹೋಗುತ್ತಿದೆ ಎಂದು ಲೆಕ್ಕ ಹಾಕಿ ತೋರಿಸಬೇಕು.

ಮೊದಲು ಆ 24 ಎಲ್ಲಿಂದ ಬಂತು ನೋಡೋಣ. ಎಆರ್‌ಎಐ ಥರದ ವಾಹನ ಪರೀಕ್ಷಾ ಸಂಸ್ಥೆಗಳಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಪೂರ್ತಿ ಪರೀಕ್ಷೆ 1180 ಸೆಕೆಂಡು, ಅಂದರೆ 20 ನಿಮಿಷಕ್ಕೂ ಸ್ವಲ್ಪ ಕಡಿಮೆ. ಗರಿಷ್ಠ ವೇಗ 90 ಕಿ.ಮೀ., ಸರಾಸರಿ ಸುಮಾರು 32. ನಡುನಡುವೆ ನಿಲ್ಲುವುದೂ ಇದೆ. ಆದರೆ ಎಸಿ ಬಂದ್. ಏರು ಇಲ್ಲ, ಗುಂಡಿ ಇಲ್ಲ, ಮಳೆ ಇಲ್ಲ, ಅಡ್ಡ ನುಗ್ಗುವ ಸಿಟಿ ಬಸ್ಸೂ ಇಲ್ಲ. ಆ ಸಂಖ್ಯೆ ಸುಳ್ಳಲ್ಲ. ಎರಡು ಕಾರುಗಳನ್ನು ಒಂದೇ ಅಳತೆಗೋಲಿನಲ್ಲಿ ಹೋಲಿಸಲು ಅದು ಬೇಕು. ಕದ್ರಿ ರಸ್ತೆಯ ಲೆಕ್ಕಕ್ಕೆ ಮಾತ್ರ ಅದು ಬರುವುದಿಲ್ಲ.

ಈಗ ನಿಮ್ಮ ದಾರಿ. ಮಲ್ಲಿಕಟ್ಟೆ, ಬಂಟ್ಸ್ ಹಾಸ್ಟೆಲ್, ಜ್ಯೋತಿ, ಹಂಪನಕಟ್ಟೆ. 4 ಕಿ.ಮೀ.ಗೆ ಬೆಳಿಗ್ಗೆ 20 ನಿಮಿಷ ಹಿಡಿಯುತ್ತದೆ ಎಂದುಕೊಳ್ಳಿ. ಸರಾಸರಿ ವೇಗ ಗಂಟೆಗೆ 12 ಕಿ.ಮೀ. ಹೋಗಿ ಬರುವ 40 ನಿಮಿಷದಲ್ಲಿ 12 ನಿಮಿಷವಾದರೂ ಕಾರು ನಿಂತೇ ಇರುತ್ತದೆ. ಎಸಿ ಹಾಕಿಕೊಂಡು ನಿಂತ ಸಣ್ಣ ಇಂಜಿನ್ ಗಂಟೆಗೆ ಮುಕ್ಕಾಲು ಲೀಟರಿನ ಆಸುಪಾಸು ಕುಡಿಯುತ್ತದೆ. 0.8 ಎಂದು ಹಿಡಿದರೆ 12 ನಿಮಿಷಕ್ಕೆ 160 ಮಿ.ಲೀ. ಇನ್ನು ಓಡಿದ 8 ಕಿ.ಮೀ.ಗೆ ಕಾರು ಲೀಟರಿಗೆ 20 ಕೊಟ್ಟಿತು ಎಂದೇ ಇಟ್ಟುಕೊಳ್ಳಿ, ಅದಕ್ಕೆ 400 ಮಿ.ಲೀ. ಒಟ್ಟು 560. 8 ಕಿ.ಮೀ.ಯನ್ನು ಅದರಿಂದ ಭಾಗಿಸಿದರೆ 14.3. ನಿಮ್ಮ 14 ಬಂತಲ್ವಾ? ನಿಂತಲ್ಲೇ ನಾಲ್ಕನೇ ಒಂದು ಪಾಲಿಗಿಂತ ಜಾಸ್ತಿ ಪೆಟ್ರೋಲ್ ಹೋಗಿದೆ.

ಇದರ ಮೇಲೆ ಬಾವುಟಗುಡ್ಡೆ, ಬಲ್ಮಠ ಕಡೆಯ ಏರು ಬೇರೆ. ಮತ್ತೆ, 4 ಕಿ.ಮೀ. ಓಡಿ ಇಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ನೀವು ಆಫೀಸು ತಲುಪಿರುತ್ತೀರಿ. ತಣ್ಣಗಿರುವ ಇಂಜಿನ್ ಪೆಟ್ರೋಲ್ ಜಾಸ್ತಿ ಕೇಳುತ್ತದೆ.

ಎಸಿಯ ವಿಷಯದಲ್ಲಿ ನಮ್ಮ ಕರಾವಳಿಯದ್ದು ಬೇರೆಯೇ ಕತೆ. ಸಿಗ್ನಲ್‌ನಲ್ಲಿ ನಿಂತಾಗ ಮುಂದಿನ ಕಾರಿನ ಅಡಿಗೆ ನೋಡಿ, ನೀರು ತೊಟ್ಟಿಕ್ಕುತ್ತಿರುತ್ತದೆ. ಗಾಳಿಯಲ್ಲಿದ್ದ ತೇವವನ್ನು ಎಸಿ ಹಿಂಡಿ ತೆಗೆದ ನೀರು ಅದು. ಒಣಹವೆಯ ಊರಿನಲ್ಲಿ ಎಸಿ ಗಾಳಿಯನ್ನು ತಣ್ಣಗೆ ಮಾಡಿದರೆ ಸಾಕು. ಇಲ್ಲಿ ನೀರನ್ನೂ ಇಳಿಸಬೇಕು, ಅದಕ್ಕೂ ಇಂಜಿನ್‌ನ ಶಕ್ತಿಯೇ ಬೇಕು. ಹಾಗಂತ ಮೇ ತಿಂಗಳ ಮಂಗಳೂರಿನಲ್ಲಿ ಎಸಿ ಬಂದ್ ಮಾಡಿ ಎಂದು ನಾನು ಖಂಡಿತ ಹೇಳುವುದಿಲ್ಲ. ಬಿಸಿಲಿನಲ್ಲಿ ನಿಂತ ಕಾರಾದರೆ ಎರಡು ನಿಮಿಷ ಗ್ಲಾಸ್ ಇಳಿಸಿ ಕಾದ ಗಾಳಿ ಹೊರಗೆ ಹೋಗಲು ಬಿಡಿ. ಆಮೇಲೆ ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ. ಅಷ್ಟು ಸಾಕು.

ಇನ್ನು ಪರೀಕ್ಷೆ ಮಾಡಿಸಬೇಕಾದದ್ದು: ಹಿಂದಿನ ಬ್ರೇಕ್. ನಮ್ಮಲ್ಲಿ ಉಪ್ಪು ಗಾಳಿ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಎರಡು ಮೂರು ದಿನ ಹೊರಗೆ ನಿಲ್ಲಿಸಿದರೆ ಹಿಂದಿನ ಡ್ರಮ್‌ನೊಳಗೆ ತುಕ್ಕು ಹಿಡಿದು ಬ್ರೇಕ್ ಶೂ (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಪಟ್ಟಿ) ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಕಾರು ಹೊರಡುವಾಗ ಹಿಂದಿನಿಂದ 'ಟಕ್' ಎಂದು ಸದ್ದು ಬರುತ್ತದಾ? ಅದು ಶೂ ಬಿಟ್ಟ ಸದ್ದು. ಕೆಲವೊಮ್ಮೆ ಪೂರ್ತಿ ಬಿಡುವುದಿಲ್ಲ, ಸ್ವಲ್ಪ ಉಜ್ಜುತ್ತಲೇ ಇರುತ್ತದೆ. ಆಗ ಮೈಲೇಜ್ ಸುಮ್ನೆ ಸೋರುತ್ತದೆ. ತಿಳಿಯುವುದು ಸುಲಭ. ಖಾಲಿ ರಸ್ತೆಯಲ್ಲಿ ಹತ್ತು ಕಿ.ಮೀ. ಹೋಗಿ, ಆದಷ್ಟು ಕಡಿಮೆ ಬ್ರೇಕ್ ಒತ್ತಿ ನಿಲ್ಲಿಸಿ. ಹಿಂದಿನ ಎರಡೂ ಚಕ್ರಗಳ ನಡುಭಾಗದ ಹತ್ತಿರ ಅಂಗೈಯ ಹಿಂಬದಿ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಕಡೆ ಮಾತ್ರ ಕಾವು ಹೊಡೆದರೆ ಗ್ಯಾರೇಜಿಗೆ ಹೋಗಿ ಡ್ರಮ್ ಬಿಚ್ಚಿಸಿ. ಕಾರು ಕೆಲವು ದಿನ ಸಮತಟ್ಟು ಜಾಗದಲ್ಲೇ ನಿಲ್ಲುವುದಾದರೆ ಮೊದಲನೇ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟಿಡಿ. ಅಂಗಳ ಇಳಿಜಾರಾಗಿದ್ದರೆ ಹೀಗೆ ಮಾಡಬೇಡಿ.

ಟೈರಿನ ಗಾಳಿ ಎಷ್ಟಿರಬೇಕೆಂದು ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರ್‌ನಲ್ಲಿದೆ. ಎರಡು ವಾರಕ್ಕೊಮ್ಮೆ, ಟೈರ್ ತಣ್ಣಗಿರುವಾಗ ನೋಡಿಸಿ.

ಮೈಲೇಜ್ ಅಳೆಯುವಾಗ ಮೀಟರ್ ಬೋರ್ಡಿನಲ್ಲಿ ಬರುವ ಸಂಖ್ಯೆಯೊಂದನ್ನೇ ನಂಬಬೇಡಿ. ಟ್ಯಾಂಕ್ ಫುಲ್ ಮಾಡಿಸಿ, ನಾಝಲ್ ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸಲು ಹೇಳಿ. ರೌಂಡ್ ಫಿಗರ್‌ಗೆಂದು ಮತ್ತೆ ಮತ್ತೆ ಒತ್ತಿಸಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. 300 ಕಿ.ಮೀ. ಆದ ಮೇಲೆ ಅದೇ ಬಂಕಿಗೆ ಹೋಗಿ ಅದೇ ರೀತಿ ತುಂಬಿಸಿ, ಓಡಿದ ಕಿ.ಮೀ.ಯನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ಮೂರು ಸಲ ಹೀಗೆ ಮಾಡಿದ ಮೇಲೆ ಬರುವ ಸಂಖ್ಯೆಗೆ ಬೆಲೆ ಇದೆ. ಬಂಕಿನ ಅಳತೆಯ ಮೇಲೆ ಸಂಶಯ ಬಂದರೆ 5 ಲೀಟರಿನ ಮುದ್ರೆಯಿರುವ ಅಳತೆ ಪಾತ್ರೆಯಲ್ಲಿ ಹಿಡಿದು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಸಂಕೋಚ ಬೇಡ.

ಊರೊಳಗಿನ ಲೆಕ್ಕ, ಹೈವೇ ಲೆಕ್ಕ ಬೇರೆ ಬೇರೆ ಬರೆದಿಡಿ. ಇಲ್ಲಿ ತುಂಬ ಜನ ತಪ್ಪುತ್ತಾರೆ. ಊರಲ್ಲಿ 300 ಕಿ.ಮೀ.ಗೆ 12, ಹೈವೇಯಲ್ಲಿ 300 ಕಿ.ಮೀ.ಗೆ 20 ಬಂದರೆ ಒಟ್ಟು 16 ಅಲ್ಲ. 25 ಲೀಟರ್, 15 ಲೀಟರ್, ಸೇರಿ 40. ಅಂದರೆ 15.

ಉಡುಪಿಗೆ ಹೋಗುವಾಗ ಸುರತ್ಕಲ್ ದಾಟಿದ ಮೇಲೆ 80ರಲ್ಲೇ ಇರಿ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 80ರಿಂದ 100ಕ್ಕೆ ಹೋದರೆ ಅದು ಒಂದೂವರೆ ಪಟ್ಟಿಗಿಂತ ಹೆಚ್ಚು. ಅಲ್ಲಿಂದ ಉಡುಪಿಗೆ 40 ಕಿ.ಮೀ. ಎಂದು ಹಿಡಿದರೆ 100ರಲ್ಲಿ ಹೋಗಿ ಉಳಿಯುವುದು ಆರೇ ನಿಮಿಷ. ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿಯಲ್ಲಿ ನಿಧಾನ ಮಾಡುವಾಗ ಆ ಆರು ನಿಮಿಷವೂ ಸಿಗುವುದಿಲ್ಲ. ಸಮನಾಗಿ ಓಡಿಸಿದರೆ ನಿಮ್ಮ ಕಾರು ಆ ದಾರಿಯಲ್ಲಿ 20 ದಾಟಬೇಕು. ದಾಟಿದರೆ ಕಾರು ಆರೋಗ್ಯವಾಗಿದೆ ಎಂದರ್ಥ, ಊರಲ್ಲಿ ಬರುವ 14ಕ್ಕೆ ಚಿಂತೆ ಬೇಡ. ಹೈವೇಯಲ್ಲೂ 16 ದಾಟದಿದ್ದರೆ ಆ ಲೆಕ್ಕದ ಚೀಟಿ ಹಿಡಿದುಕೊಂಡೇ ಸರ್ವಿಸ್‌ಗೆ ಹೋಗಿ.

ಪ್ರಶ್ನೆ: ನನ್ನದು 2017ರ ಹ್ಯಾಚ್‌ಬ್ಯಾಕ್. ಪೆಟ್ರೋಲಿಗೆ ಎಥನಾಲ್ ಬೆರೆಸಲು ಶುರುವಾದ ಮೇಲೆ ಮೈಲೇಜ್ 18ರಿಂದ 14ಕ್ಕೆ ಇಳಿದಿದೆ. ನಾನು ಗಲ್ಫ್‌ನಲ್ಲಿರುವುದರಿಂದ ಕಾರು ವರ್ಷದಲ್ಲಿ ಎಂಟು ತಿಂಗಳು ಶೆಡ್‌ನಲ್ಲೇ ಇರುತ್ತದೆ.
– ಬ್ರಹ್ಮಾವರದ ಓದುಗರು

ಉತ್ತರ: ಎಥನಾಲ್‌ನಿಂದ ಇಳಿಯುವುದು ನಿಜ. ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲು ಮಾತ್ರ. ನೂರರಲ್ಲಿ 20 ಪಾಲು ಅದಾದಾಗ ಒಟ್ಟು ಶಕ್ತಿ ಸುಮಾರು 7 ಶೇಕಡಾ ಕಡಿಮೆ. ನೀತಿ ಆಯೋಗದ 2021ರ ವರದಿಯೂ ಹಳೆಯ ಕಾರುಗಳಿಗೆ 6–7 ಶೇಕಡಾ ಎಂದೇ ಹೇಳಿತ್ತು. ಆ ಲೆಕ್ಕದಲ್ಲಿ ನಿಮ್ಮ 18, 17ರ ಆಸುಪಾಸಿಗೆ ಬರಬೇಕು. 14ಕ್ಕೆ ಇಳಿದಿದೆ ಎಂದರೆ ಉಳಿದದ್ದು ಬೇರೆ ಕಾರಣ, ಮಾರಾಯ್ರೆ. ಎಂಟು ತಿಂಗಳು ನಿಂತ ಕಾರು ಅಂದಿರಲ್ಲ, ಮೇಲೆ ಹೇಳಿದ ಬ್ರೇಕ್ ಶೂ ಮೊದಲು ನೋಡಿಸಿ. ಆಮೇಲೆ ಸ್ಪಾರ್ಕ್ ಪ್ಲಗ್, ಇಂಜೆಕ್ಟರ್. ಎಥನಾಲ್ ತೇವ ಹೀರುತ್ತದೆ, ಆದ್ದರಿಂದ ಟ್ಯಾಂಕ್ ಅರ್ಧ ಖಾಲಿ ಬಿಟ್ಟು ಹೋಗಬೇಡಿ, ತುಂಬಿಸಿಡಿ. ಮನೆಯವರು ಹದಿನೈದು ದಿನಕ್ಕೊಮ್ಮೆ ಹತ್ತಿಪ್ಪತ್ತು ಕಿ.ಮೀ. ಓಡಿಸಲಿ. ಶೆಡ್‌ನಲ್ಲೇ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಬಂದ್ ಮಾಡುವುದರಿಂದ ಪ್ರಯೋಜನ ಇಲ್ಲ. ಸರ್ವಿಸ್‌ನಲ್ಲಿ ಪೆಟ್ರೋಲ್ ಪೈಪುಗಳ ರಬ್ಬರ್ ಗಟ್ಟಿಯಾಗಿದೆಯಾ, ಬಿರುಕು ಬಿಟ್ಟಿದೆಯಾ ಎಂದೂ ನೋಡಿಸಿ.

ಪ್ರಶ್ನೆ: ಆಗುಂಬೆ ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ಭಾವ ಹೇಳುತ್ತಾರೆ. ಹೌದಾ?
– ಹೆಬ್ರಿಯ ಓದುಗರು

ಉತ್ತರ: ಇಲ್ಲ. ಈಗಿನ ಇಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಪೆಟ್ರೋಲ್ ಪೂರ್ತಿ ಕಟ್ ಆಗುತ್ತದೆ, ಚಕ್ರವೇ ಇಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಆರದಂತೆ ಪೆಟ್ರೋಲ್ ಹೋಗುತ್ತಲೇ ಇರಬೇಕು. ಭಾವನವರಿಗೆ ಇನ್ನೂ ಒಂದು ಹೇಳಿ: ನ್ಯೂಟ್ರಲ್‌ನಲ್ಲಿ ಆ 14 ತಿರುವು ಇಳಿದರೆ ಪೂರ್ತಿ ಭಾರ ಬ್ರೇಕಿನ ಮೇಲೆ. ಅದು ಕಾದರೆ ಹಿಡಿಯುವುದಿಲ್ಲ. ಕೀಲಿ ಬಂದ್ ಮಾಡಿ ಇಳಿಯುವವರೂ ಇದ್ದಾರೆ. ಆಗ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಕೀಲಿ ತೆಗೆದರೆ ಸ್ಟೇರಿಂಗ್ ಲಾಕ್ ಕೂಡ ಬೀಳಬಹುದು. ಎರಡನೇ ಗೇರ್‌ನಲ್ಲಿ ಇಳಿಯಿರಿ, ಏರಿ ಬರುವ ಬಸ್ಸಿಗೆ ದಾರಿ ಕೊಡಿ.