ಪೇಟಿ ಅಪ್ಪನದು, ಬೆರಳು ನಿಮ್ಮದು

ಪ್ರಶ್ನೆ: ನನಗೆ 42 ವರ್ಷ. ಸಿಂಧನೂರು ತಾಲ್ಲೂಕಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇದೆ. ಅಪ್ಪ ಊರ ಭಜನಾ ಮಂಡಳಿಯಲ್ಲಿ ಪೇಟಿ (ಹಾರ್ಮೋನಿಯಂ) ಬಾರಿಸುತ್ತಿದ್ದರು. ತೀರಿಕೊಂಡು ಎರಡು ವರ್ಷ ಆಯ್ತು. ಈಗ ಮಂಡಳಿಯವರು ‘ಅಪ್ಪನ ಜಾಗಕ್ಕೆ ನೀನೇ ಬಂದು ಕೂಡು’ ಅಂತಾರೆ. ನನಗೋ ಪೇಟಿ ಮುಂದೆ ಕೂತರೆ ಹತ್ತು ನಿಮಿಷಕ್ಕೆ ಬೇಸರ. ಸಂಗೀತ ಅಂದ್ರೆ ಜೀವ, ಅದರಲ್ಲಿ ಸುಳ್ಳಿಲ್ಲ. ಮೊದಲು ಗಿಟಾರ್ ತಂದೆ, ಆಮೇಲೆ ಕೀಬೋರ್ಡ್, ಹೋದ ವರ್ಷ ಕೊಳಲು. ಮೂರೂ ಅಟ್ಟ ಸೇರಿವೆ. ‘ನಾಲ್ಕನೇದು ಯಾವಾಗ?’ ಅಂತ ಹೆಂಡತಿ ಕೇಳ್ತಾಳೆ. ಪುಟ್ಟರಾಜ ಗವಾಯಿಗಳು ಅಷ್ಟೊಂದು ವಾದ್ಯ ನುಡಿಸಿದರು, ನನಗೆ ಒಂದೂ ಒಲಿಯುತ್ತಿಲ್ಲ. ಗಿರಾಕಿ ಇಲ್ಲದಾಗ ಕೌಂಟರ್ ಬಡಿಯುತ್ತಾ ಕೂತಿರ್ತೀನಿ, ಅಂಗಡಿ ಹುಡುಗನಿಗೆ ತಲೆನೋವು. ನನಗೆ ಯಾವ ವಾದ್ಯ ಸರಿ? ಅಪ್ಪನ ಪೇಟಿ ಬಿಟ್ಟರೆ ತಪ್ಪಾ?

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಅಂಗಡಿ ಹುಡುಗನ ತಲೆನೋವಿನಲ್ಲಿ!

ನೀವು ದುಡ್ಡು ಕೊಟ್ಟು ತಂದ ಮೂರೂ ರಾಗ ನುಡಿಸುವ ವಾದ್ಯಗಳು. ದುಡ್ಡಿಲ್ಲದೆ, ಯಾರೂ ಹೇಳದೆ, ಕೈ ತಾನಾಗಿ ಹೋಗಿದ್ದು ತಾಳಕ್ಕೆ. ಕೀಬೋರ್ಡಿನಲ್ಲೂ ನೀವು ಜಾಸ್ತಿ ಒತ್ತಿದ್ದು ರಿದಮ್ ಬಟನ್ನೇ ಇರಬೇಕು ಅಂತ ನನಗೊಂದು ಗುಮಾನಿ. ಹೌದಾ?

ಒಂದು ಕೆಲಸ ಮಾಡಿ. ಫೋನನ್ನು ಕೌಂಟರ್ ಮೇಲಿಟ್ಟು ನೀವು ಬಡಿಯುವುದನ್ನು ಐದು ನಿಮಿಷ ರೆಕಾರ್ಡ್ ಮಾಡಿ. ರಾತ್ರಿ ಕೂತು ಕೇಳಿ. ಹೋಗ್ತಾ ಹೋಗ್ತಾ ಲಯ ಓಡುತ್ತದಾ? ನಡುವೆ ಏನೇನೋ ಕಸರತ್ತು ಮಾಡಿದರೂ ತಾಳದ ಮೊದಲ ಪೆಟ್ಟಿನ ಮೇಲೆ ಸರಿಯಾಗಿ ಬಂದು ಬೀಳ್ತೀರಾ? ಹತ್ತರಲ್ಲಿ ಆರು ಸಲ ಬಿದ್ದರೂ ಸಾಕು, ತಬಲಾ ಕಲಿಯಿರಿ. ಬೀಳದಿದ್ದರೂ ಕಲಿಯಿರಿ, ಸ್ವಲ್ಪ ತಡವಾಗುತ್ತದೆ ಅಷ್ಟೇ.

ಗವಾಯಿಗಳ ಮಾತು ತೆಗೆದಿದ್ದೀರಿ. ಅವರು ಚಿಕ್ಕಂದಿನಿಂದಲೇ ಪಂಚಾಕ್ಷರಿ ಗವಾಯಿಗಳ ಕೈಕೆಳಗೆ ಬೆಳೆದವರು. ನಿಮಗೆ ಯೂರಿಯಾ ಲೆಕ್ಕ ಮುಗಿದ ಮೇಲೆ ಸಿಗೋದು ಮುಕ್ಕಾಲು ಗಂಟೆ. ಆ ಹೋಲಿಕೆ ಬಿಟ್ಟುಬಿಡಿ. ಗಿಟಾರಿನ ಉಕ್ಕಿನ ತಂತಿ ಮೊದಲ ವಾರಗಳಲ್ಲಿ ಬೆರಳ ತುದಿ ಸುಡುತ್ತದೆ. ಕೊಳಲು ಊದಿ ಊದಿ ತಲೆ ತಿರುಗಿದರೂ ಬರೀ ಗಾಳಿ ಬರುತ್ತದೆ. ಅವನ್ನು ಬಿಟ್ಟಿದ್ದಕ್ಕೆ ನಾಚಿಕೆ ಬೇಡ. ತಬಲಾನೂ ಸುಲಭದ್ದಲ್ಲ. ‘ನಾ’ ಅನ್ನೋ ಒಂದು ಅಕ್ಷರ ಗಂಟೆ ಹೊಡೆದ ಹಾಗೆ ಬರಬೇಕಾದರೆ ತೋರುಬೆರಳು ಅಂಚಿಗೆ ತಾಗಬೇಕು, ಉಂಗುರದ ಬೆರಳು ಕರಣೆಯ, ಅಂದರೆ ನಡುವಿನ ಕಪ್ಪು ಬೊಟ್ಟಿನ, ಪಕ್ಕ ಹಗುರಾಗಿ ಕೂತಿರಬೇಕು. ತಿಂಗಳುಗಟ್ಟಲೆ ಡಬ್ಬಾ ಬಡಿದ ಸದ್ದೇ ಬರುತ್ತದೆ. ಆದರೆ ಆ ಕೆಟ್ಟ ಸದ್ದು ನಿಮಗೆ ಬೇಸರ ತರಲ್ಲ ಅನಿಸುತ್ತದೆ, ವರ್ಷಗಟ್ಟಲೆ ಕೌಂಟರ್ ಬಡಿದವರಲ್ವಾ!

ಈ ಸಲ ಮಾತ್ರ ಮೊದಲು ಅಂಗಡಿಗೆ ಹೋಗಬೇಡಿ. ಮೂರು ಸಲವೂ ವಾದ್ಯ ಮೊದಲು ಬಂತು, ಕಲಿಸುವವರು ಬರಲೇ ಇಲ್ಲ. ಸಿಂಧನೂರಿನಲ್ಲೋ ಹತ್ತಿರದಲ್ಲೋ ವಾರಕ್ಕೆ ಎರಡು ದಿನ ಎದುರು ಕೂರಿಸಿಕೊಂಡು ಕೈ ತಿದ್ದುವವರನ್ನು ಹುಡುಕಿ. ಎರಡು ತಿಂಗಳು ಅವರ ತಬಲಾದ ಮೇಲೇ ಕಲಿಯಿರಿ. ಆಮೇಲೆ ಅವರನ್ನೇ ಜೊತೆಗೆ ಕರಕೊಂಡು ಹೋಗಿ ಕೊಳ್ಳಿ. ಅದಕ್ಕೂ ಮುಂಚೆ ನಿಮ್ಮ ಮಂಡಳಿ ಯಾವ ಶ್ರುತಿಯಲ್ಲಿ ಹಾಡುತ್ತದೆ ಅಂತ ಕೇಳಿಕೊಳ್ಳಿ, ಪೇಟಿಯ ಕಪ್ಪು ಒಂದನೇ ಮನೆಯಾ, ಬಿಳಿ ಎರಡನೇ ಮನೆಯಾ ಅಂತ. ಬಲದ ತಬಲಾದ ಬಾಯಿ ಸಣ್ಣದಾದಷ್ಟು ಶ್ರುತಿ ಮೇಲೇರುತ್ತದೆ. ಸುಮ್ನೆ ಚೆಂದ ಕಂಡಿದ್ದು ತಂದರೆ ಶ್ರುತಿ ಕೂಡಿಸಲು ಸುತ್ತಿಗೆ ಬಡಿದು ಬಡಿದು ಸಾಕಾಗುತ್ತದೆ. ಕಲಿಯಲು 16 ಮಾತ್ರೆಯ (ಎಣಿಕೆಯ) ತೀನ್‌ತಾಲ್ ತಾಳ ಹಾಕಿಕೊಟ್ಟಾರು. ಆದರೆ ಭಜನೆಗೆ ಕೂರಲು 8 ಮಾತ್ರೆಯ ಕೆಹರ್ವಾ, 6 ಮಾತ್ರೆಯ ದಾದ್ರಾ ಗಟ್ಟಿಯಾದರೆ ಧೈರ್ಯ ಬರುತ್ತದೆ.

ಹೆಂಡತಿಗೆ ‘ನಾಲ್ಕನೇದು ಸದ್ಯ ಬಾಡಿಗೆಯದೂ ಅಲ್ಲ, ಮಾಸ್ತರರದು’ ಅಂತ ಹೇಳಿ. ನಗ್ತಾರೆ.

ಇನ್ನು ಅಪ್ಪನ ವಿಷಯ. ನಿಮಗೆ ಕುಟುಕುತ್ತಿರುವುದು ಇದೇ ಅಂತ ಗೊತ್ತು. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರು ಮಗ ರಾಜೀವ ತಾರಾನಾಥರಿಗೆ ಕಲಿಸಿದ್ದು ಹಾಡುಗಾರಿಕೆ. ಮಗ ಚಿಕ್ಕ ವಯಸ್ಸಿಗೇ ವೇದಿಕೆಯಲ್ಲಿ ಹಾಡಿದವರು. ಮುಂದೆ ಅಲಿ ಅಕ್ಬರ್ ಖಾನರ ಸರೋದ್ ಎಂಬ ತಂತಿವಾದ್ಯ ಕಿವಿಗೆ ಬಿತ್ತು. ಅದರ ಬೆನ್ನು ಹತ್ತಿ ಕಲ್ಕತ್ತೆಗೆ ಹೋದರು, ಸರೋದ್ ವಾದಕರಾದರು. ಅಪ್ಪ ಕೊಟ್ಟಿದ್ದನ್ನು ಬಿಸಾಡಿದರು ಅಂತ ನನಗಂತೂ ಅನಿಸಿಲ್ಲ. ನಿಮ್ಮ ತಂದೆಯೂ ನಿಮಗೆ ಕೊಟ್ಟಿದ್ದು ಕಿವಿ. ಅವರು ಪೇಟಿ ಬಾರಿಸುವಾಗ ಪಕ್ಕದಲ್ಲಿ ಕೂತು ನೀವು ತೊಡೆ ತಟ್ಟಿದ್ದಿಲ್ಲವಾ? ಕೌಂಟರಿನ ತಾಳ ಎಲ್ಲಿಂದ ಬಂತು ಮತ್ತೆ?

ಆದರೆ ಪೇಟಿಯನ್ನು ಬಟ್ಟೆ ಮುಚ್ಚಿ ಮೂಲೆಗಿಟ್ಟಿದ್ದರೆ ಅದು ಮಾತ್ರ ತಪ್ಪು. ಎರಡು ವರ್ಷ ಗಾಳಿ ಆಡದ ಪೇಟಿಯ ತಿದಿಗೆ ಇಲಿ ಬಾಯಿ ಹಾಕಿರಬಹುದು, ರೀಡ್‌ಗಳಿಗೆ ದೂಳು ಕೂತಿರಬಹುದು. ಕಾಲುವೆ ನೀರಿನ ಭತ್ತದ ಸೀಮೆಯ ತಂಪು ಬೇರೆ. ಇವತ್ತೇ ಕೊಂಡಿ ಬಿಚ್ಚಿ, ತಿದಿ ಹಾಕಿ, ಒಂದೊಂದೇ ಮನೆ (ಕೀ) ಒತ್ತಿ ನೋಡಿ. ಒತ್ತದೇ ಕೂಗುವ ಮನೆ, ಒತ್ತಿದರೂ ಉಸ್ಸೆನ್ನುವ ಮನೆ ಗುರುತು ಮಾಡಿ ರಿಪೇರಿಗೆ ಕೊಡಿ. ಆಮೇಲೆ ಮಂಡಳಿಯಲ್ಲಿ ಪೇಟಿ ಮೇಲೆ ಆಸೆ ಇರುವ ಹುಡುಗರು ಯಾರಿದ್ದಾರೆ ನೋಡಿ, ಬಾರಿಸಲು ಅವರಿಗೆ ಕೊಡಿ. ಪೇಟಿ ನಿಮ್ಮ ಮನೆಯದಾಗೇ ಇರಲಿ.

ಬರುವ ಸೋಮವಾರದ ಭಜನೆಗೆ ಹೋಗಿ. ಪೇಟಿ ಹೊತ್ತುಕೊಂಡೇ ಹೋಗಿ. ಕೂರುವುದು ಮಾತ್ರ ತಾಳಕ್ಕೆ ದಮ್ಮಡಿ ಬಡಿಯುವವರ ಪಕ್ಕ.