ಪ್ರೈಮಲ್ ಡಯೆಟ್ ಮಾಡುವಾಗ ಉಪ್ಪಿನ ಆಸೆ ತಡೆಯೋಕೆ ಆಗ್ತಿಲ್ಲ, ಉಪ್ಪು ಪೂರ್ತಿ ಬಿಟ್ಟುಬಿಡಲಾ?

ದಯವಿಟ್ಟು ಬಿಡಬೇಡಿ. ಪ್ರೈಮಲ್ ಅಂದರೆ ಆದಿಮಾನವನ ಹಾಗೆ ಧಾನ್ಯ, ಬೇಳೆ, ಸಕ್ಕರೆ ಬಿಟ್ಟು ತಿನ್ನುವ ಪದ್ಧತಿ. ಅನ್ನ, ಚಪಾತಿ ಬಿಟ್ಟು ಮೂರು ವಾರ ಆಯ್ತು, ರಾತ್ರಿಯಾದರೆ ಕಾಲು ತಾನಾಗೇ ಉಪ್ಪಿನಕಾಯಿ ಭರಣಿ ಹತ್ತಿರ ಹೋಗುತ್ತದೆ ಅಂತ ಬರೆದಿದ್ದೀರಲ್ಲ, ಓದುತ್ತಿದ್ದ ಹಾಗೇ ನನ್ನ ಅಡುಗೆಮನೆ ಕಣ್ಮುಂದೆ ಬಂತು. ನಾನು ಹೋಗಿ ನಿಲ್ಲುತ್ತಿದ್ದದ್ದು ಕಲ್ಲುಪ್ಪಿನ ಡಬ್ಬಿ ಮುಂದೆ.

2019ರ ಮಾರ್ಚ್. ಮೈಸೂರಿನಲ್ಲಿದ್ದೆ. ತೂಕ 91 ಕೆಜಿ. ಅನ್ನ, ಮುದ್ದೆ, ಬೇಳೆ, ಸಕ್ಕರೆ ಎಲ್ಲ ಒಂದೇ ದಿನ ನಿಲ್ಲಿಸಿದೆ. ಮೊಟ್ಟೆ, ಕೋಳಿ, ಮೀನು, ಸೊಪ್ಪು, ತುಪ್ಪ, ತೆಂಗಿನಕಾಯಿ, ಇಷ್ಟೇ. ಮೊದಲ ವಾರವೇ ಮೂರು ಕೆಜಿ ಇಳಿಯಿತು. ಅದರಲ್ಲಿ ಹೆಚ್ಚಿನದು ನೀರು ಅಂತ ಆಗ ಗೊತ್ತಿರಲಿಲ್ಲ. ಖುಷಿಯೋ ಖುಷಿ.

ನಾನು ಮಾಡಿದ ತಪ್ಪು ಒಂದೇ. ಅನ್ನ ಬಿಟ್ಟ ವಾರವೇ ಉಪ್ಪನ್ನೂ ಬಿಟ್ಟೆ. ಆದಿಮಾನವನ ಹತ್ತಿರ ಉಪ್ಪಿನ ಡಬ್ಬಿ ಎಲ್ಲಿತ್ತು ಅಂತ ಓದಿದ್ದು ತಲೆಯಲ್ಲಿ ಕೂತಿತ್ತು. ಇದೇ ಥರದ ಇನ್ನೊಂದು ಪದ್ಧತಿ, ಲೊರೆನ್ ಕಾರ್ಡೇನ್ ಅವರ ಪೇಲಿಯೊದಲ್ಲಿ ಮೇಲಿಂದ ಉಪ್ಪು ಹಾಕಬಾರದು ಅನ್ನುತ್ತಾರೆ. ಮಾರ್ಕ್ ಸಿಸನ್ ಅವರ ಪ್ರೈಮಲ್‌ನಲ್ಲಿ ಅಂಥ ಕಟ್ಟು ಇಲ್ಲ. ನಾನು ಎರಡನ್ನೂ ಕಲಸಿಕೊಂಡೆ.

ಇದು ಯಾಕೆ ಅಷ್ಟು ದೊಡ್ಡ ತಪ್ಪು ಅಂತ ಬಿಡಿಸಿ ಹೇಳಲೇಬೇಕು. ಅನ್ನ, ಸಕ್ಕರೆ ಕಡಿಮೆಯಾದರೆ ಮೈಯಲ್ಲಿ ಇನ್ಸುಲಿನ್ ಇಳಿಯುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಅನ್ನು ಕಿಡ್ನಿ ಹಿಡಿದಿಟ್ಟುಕೊಳ್ಳುವುದರಲ್ಲಿ ಇನ್ಸುಲಿನ್ ಕೈಯೂ ಇದೆ. ಅದು ಇಳಿದರೆ ಸೋಡಿಯಂ ಮೂತ್ರದಲ್ಲಿ ಹೊರಟುಹೋಗುತ್ತದೆ, ಅದರ ಹಿಂದೆಯೇ ನೀರು. ಮೈಯಲ್ಲಿ ಗ್ಲೈಕೋಜನ್ ಅನ್ನುವ ರೂಪದಲ್ಲಿ ಕೂಡಿಟ್ಟ ಸಕ್ಕರೆ ಕರಗುತ್ತದಲ್ಲ, ಅದರ ಒಂದೊಂದು ಗ್ರಾಂ ಜೊತೆಗೂ ಸುಮಾರು ಮೂರು ಗ್ರಾಂ ನೀರು ಹೋಗುತ್ತದೆ. ಅಂದರೆ ಈ ಊಟ ಶುರು ಮಾಡಿದ ಮೊದಲ ವಾರಗಳಲ್ಲಿ ಮಾಮೂಲಿಗಿಂತ ಜಾಸ್ತಿ ಉಪ್ಪು ಹೊರಗೆ ಹೋಗುತ್ತಿರುತ್ತದೆ. ಆಗಲೇ ನಾನು ಒಳಗೆ ಬರುವುದನ್ನೂ ನಿಲ್ಲಿಸಿದೆ.

ಇನ್ನೊಂದು ವಿಷಯ ಇದೆ, ನಮ್ಮಂಥವರು ಇದನ್ನು ಗಮನಿಸುವುದೇ ಇಲ್ಲ. ನಮ್ಮ ಊಟದಲ್ಲಿ ಉಪ್ಪು ಬರುವುದೇ ಅನ್ನದ ಬೆನ್ನಿಗೆ. ಅನ್ನ ಹೋದರೆ ಸಾರು ಹೋಯಿತು, ಹುಳಿ ಹೋಯಿತು, ಹಪ್ಪಳ ಹೋಯಿತು, ಕೊನೆಗೆ ಕಲಸಿಕೊಳ್ಳುವ ಮೊಸರನ್ನದ ಉಪ್ಪೂ ಹೋಯಿತು. ಬೇಯಿಸಿದ ಮೊಟ್ಟೆಗೆ ಮೆಣಸಿನ ಪುಡಿ ಉದುರಿಸಿ ತಿಂದರೆ ಉಪ್ಪು ಎಲ್ಲಿಂದ ಬರಬೇಕು? ನಾನು ಉಪ್ಪು ಬೇಕೆಂದೇ ಬಿಡದಿದ್ದರೂ ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು.

ಇದರ ಮೇಲೆ ದಿನಕ್ಕೆ ಐದು ಲೀಟರ್ ನೀರು. ಬಾಯಿ ಒಣಗಿದ ಹಾಗೆ ಆಗುತ್ತಿತ್ತು, ಕುಡಿಯುತ್ತಿದ್ದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ. ನಾನು ಉಪ್ಪು ತಿನ್ನದೇ ನೀರು ಕುಡಿದೆ. ಇದ್ದ ಸೋಡಿಯಂ ಇನ್ನಷ್ಟು ತೆಳುವಾಯಿತು.

ಮೈ ಹೇಳುತ್ತಲೇ ಇತ್ತು. ನಡುರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ. ಒಂದು ರಾತ್ರಿ ತಡೆಯಲಾಗದೆ ಡಬ್ಬಿ ತೆಗೆದು ಮೂರು ಹರಳು ಕಲ್ಲುಪ್ಪು ನಾಲಿಗೆ ಮೇಲೆ ಇಟ್ಟುಕೊಂಡೆ. ಅದು ಸಿಹಿ ಅನ್ನಿಸಿತು. ನಿಜವಾಗಲೂ ಸಿಹಿ. ಆಮೇಲೆ ತಪ್ಪು ಮಾಡಿದವನ ಹಾಗೆ ಬಾಯಿ ಮುಕ್ಕಳಿಸಿ ಮಲಗಿದೆ. "ಮುಖ ಯಾಕೋ ಹೀಗೆ ಬಾಡಿದೆ, ಒಂದು ತುತ್ತು ಸಾರನ್ನ ತಿನ್ನೋ" ಅಂತ ಅಮ್ಮ ದಿನಾ ಹೇಳುತ್ತಿದ್ದರು. ಸುಸ್ತನ್ನು ಕೊಬ್ಬು ಕರಗುತ್ತಿರುವ ಗುರುತು ಅಂದುಕೊಂಡೆ. ಎಳನೀರು ಕುಡಿದೆ. ಅದರಲ್ಲಿ ಇರುವುದು ಮುಖ್ಯವಾಗಿ ಪೊಟ್ಯಾಸಿಯಂ, ಸೋಡಿಯಂ ಅಲ್ಲ.

ಆರನೇ ವಾರದ ಭಾನುವಾರ ಬೆಳಿಗ್ಗೆ ಗೆಳೆಯನ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಏಪ್ರಿಲ್ ಸೆಕೆ, ಬೆವರು, ಕೈಯಲ್ಲಿ ನೀರಿನ ಬಾಟಲಿ. ನಂದಿ ಹತ್ತಿರ ಬರುವಷ್ಟರಲ್ಲಿ ತಲೆನೋವು, ವಾಂತಿ ಬಂದ ಹಾಗೆ. ಗೆಳೆಯ ಏನೋ ಕೇಳಿದ, ಉತ್ತರ ಕೊಡೋಕೆ ಮಾತು ಸಿಗಲಿಲ್ಲ. ಬಿದ್ದದ್ದು ನೆನಪಿಲ್ಲ. ಗಲ್ಲಕ್ಕೆ ಐದು ಹೊಲಿಗೆ ಬಿತ್ತು. ರಕ್ತ ಪರೀಕ್ಷೆಯಲ್ಲಿ ಸೋಡಿಯಂ 127. ಇರಬೇಕಾದದ್ದು 135ರಿಂದ 145. ಒಂದೇ ಸಲಕ್ಕೆ ಏರಿಸಿದರೆ ಮಿದುಳಿಗೆ ಅಪಾಯ, ನಿಧಾನಕ್ಕೇ ಏರಿಸಬೇಕು ಅಂತ ಮೂರು ದಿನ ಇಟ್ಟುಕೊಂಡರು. ನೀರನ್ನು ಅಳೆದು ಕೊಡುತ್ತಿದ್ದರು.

ಅದಕ್ಕೇ ಹೇಳುತ್ತಿದ್ದೇನೆ, ಈ ಆಸೆಯನ್ನು ಹೇಗೆ ಬಿಡಿಸೋದು ಅನ್ನುವ ಪ್ರಶ್ನೆಯೇ ಸರಿ ಇಲ್ಲ. ಅದು ಯಾಕೆ ಬಂದಿದೆ ಅಂತ ಮೊದಲು ನೋಡಿ. ಎದ್ದಾಗ ತಲೆ ಸುತ್ತುತ್ತದಾ? ರಾತ್ರಿ ಕಾಲು ಹಿಡಿಯುತ್ತದಾ? ಹಾಗಾದರೆ ಅದನ್ನು ನಾಲಿಗೆ ಚಪಲ ಅನ್ನಬೇಡಿ. ಅದೇನೂ ಇಲ್ಲದೆ ಸಂಜೆ ನಾಲ್ಕಕ್ಕೆ ಮಿಕ್ಸ್ಚರ್ ನೆನಪಾದರೆ, ಅದು ಕುರುಕಲಿನ ಆಸೆ ಇರಬಹುದು. ಸೌತೆಕಾಯಿಗೋ ಹುರಿದ ಕೊಬ್ಬರಿ ಚೂರಿಗೋ ಚಿಟಿಕೆ ಉಪ್ಪು ಹಾಕಿ ತಿನ್ನಿ, ಸಾಕು.

ಹಾಗಂತ ಕಂಡಾಪಟ್ಟೆ ತಿನ್ನಿ ಅನ್ನುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ, ಅದರಲ್ಲಿ ಹೆಚ್ಚುಕಡಿಮೆ 2,000 ಮಿಲಿಗ್ರಾಂ ಸೋಡಿಯಂ. ನಾನು ಈಗ ಬೆಳಿಗ್ಗೆ ಒಂದು ಟೀ ಚಮಚ ಪುಡಿಯುಪ್ಪು ತುಂಬಿ, ಬೆರಳಲ್ಲಿ ಮಟ್ಟ ಮಾಡಿ, ಅದರಲ್ಲೂ ಸ್ವಲ್ಪ ತೆಗೆದು, ಸಣ್ಣ ಬಟ್ಟಲಿಗೆ ಹಾಕಿಡುತ್ತೇನೆ. ಇಡೀ ದಿನ ಮೊಟ್ಟೆಗೆ, ಪಲ್ಯಕ್ಕೆ, ಮಜ್ಜಿಗೆಗೆ, ಕಾಲು ಸೂಪಿಗೆ ಎಲ್ಲಕ್ಕೂ ಅದರಿಂದಲೇ. ಅಂಗಡಿ ಸಾಸೇಜ್, ಉಪ್ಪಿನಕಾಯಿ ತಿಂದ ದಿನ ಬಟ್ಟಲಲ್ಲಿ ಅಷ್ಟು ಉಳಿಸುತ್ತೇನೆ. ನೀರು ಬಾಯಾರಿದಾಗ ಮಾತ್ರ.

ಸೈಂಧವ ಲವಣಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಸೋಡಿಯಂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಅಯೋಡಿನ್ ಸಾಮಾನ್ಯವಾಗಿ ಇರುವುದಿಲ್ಲ. ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಕಿಡ್ನಿ ತೊಂದರೆ ಇರುವವರು, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಲೇಬಾರದು.

ನಿಮ್ಮ ಬಿಪಿ ಎಷ್ಟು, ಮಾತ್ರೆ ಇದೆಯಾ ಅಂತ ನೀವು ಬರೆದಿಲ್ಲ. ಬಿಪಿ, ಹೃದಯ, ಕಿಡ್ನಿ ಯಾವುದಾದರೂ ತೊಂದರೆ ಇದ್ದರೆ ನನ್ನ ಬಟ್ಟಲಿನ ಲೆಕ್ಕ ನಿಮಗಲ್ಲ. ಈ ಊಟದಲ್ಲಿ ಬಿಪಿ ತಾನಾಗೇ ಇಳಿಯಬಹುದು, ಆಗ ಈಗಿನ ಮಾತ್ರೆಯ ಪ್ರಮಾಣ ಬೇಕಾದದ್ದಕ್ಕಿಂತ ಜಾಸ್ತಿಯಾಗಬಹುದು. ನೀರು ಇಳಿಸುವ ಮಾತ್ರೆಯಾದರಂತೂ ಸೋಡಿಯಂ ಇನ್ನೂ ಹೋಗುತ್ತದೆ. ಹಾಗಿದ್ದರೆ ನಾಳೆ ಬೆಳಿಗ್ಗೆಯೇ ಡಾಕ್ಟರ ಹತ್ತಿರ ಹೋಗಿ, ಸೋಡಿಯಂ ಪೊಟ್ಯಾಸಿಯಂ ಎರಡೂ ನೋಡಿಸಿ. ಏನೂ ತೊಂದರೆ ಇಲ್ಲದಿದ್ದರೆ ಇವತ್ತು ರಾತ್ರಿ ಭರಣಿ ಮುಚ್ಚಳ ತೆಗೆಯುವ ಮುಂಚೆ ಒಂದು ಲೋಟ ಮಜ್ಜಿಗೆಗೆ ಕಾಲು ಚಮಚ ಉಪ್ಪು ಹಾಕಿ ಕುಡಿಯಿರಿ. ಕಾಲು ಗಂಟೆ ಬಿಟ್ಟು ಹೇಗಿದೆ ನೋಡಿ.